ತಾಲ್ಲೂಕಿನ ಚರಿತ್ರೆ ತಾಲ್ಲೂಕು ಕಚೇರಿಯಿಂದ ಆರಂಭವಾಗುವುದಿಲ್ಲ

ಪತ್ರದ ಸಾರ: ಶಿಕಾರಿಪುರ ತಾಲ್ಲೂಕಿನ ಪ್ರಾಚೀನ ಚರಿತ್ರೆಯನ್ನು ಕುರಿತ ನಮ್ಮ ಲೇಖನದಲ್ಲಿ ಪುಟಗಳೆಲ್ಲ ತಾಳಗುಂದ, ಬಳ್ಳಿಗಾವಿಗಳಿಗೆ ಮೀಸಲಾಗಿ, ಪಟ್ಟಣಕ್ಕೆ ಒಂದೇ ಪ್ಯಾರಾ ದೊರೆತದ್ದು ಅನ್ಯಾಯವೆಂದು ಅಲ್ಲಿನ ಓದುಗರೊಬ್ಬರು ಬರೆದಿದ್ದಾರೆ.

ಸಂಪಾದಕರ ಉತ್ತರ: ತಮ್ಮ ಊರಭಿಮಾನ ಮೆಚ್ಚತಕ್ಕದ್ದೇ. ಮಳಿಯನಹಳ್ಳಿಯಾಗಿದ್ದ ಊರು ಕೆಳದಿ ಅರಸರ ಕಾಲಕ್ಕೆ ಮಹಾದಾನಪುರವಾಗಿ, ಹೈದರ್ ಅಥವಾ ಟಿಪ್ಪುವಿನ ಕಾಲದಲ್ಲಿ ಶಿಕಾರಿಪುರವಾಯಿತೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಅಲ್ಲಿನ ಆಂಜನೇಯ, ಹುಚ್ಚರಾಯಸ್ವಾಮಿಯ ಸನ್ನಿಧಿಯೂ ಸಾಮಾನ್ಯವಾದುದಲ್ಲ. ಇಷ್ಟನ್ನು ಒಪ್ಪಿದ ಮೇಲೆ, ಆ ಒಂದು ಪ್ಯಾರಾ ಕಡಿಮೆಯಾಯಿತೆಂದು ಮಾತ್ರ ನಾನು ಒಪ್ಪಲಾರೆ.

ತಹಸೀಲ್ದಾರರ ಕಚೇರಿ ಇರುವಲ್ಲಿಯೇ ಚರಿತ್ರೆಯೂ ಇರಬೇಕೆಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಮಳವಳ್ಳಿಯೆಂದೊಡನೆ ತಾವು ಮಂಡ್ಯದ ಕಡೆ ನೋಡುತ್ತೀರೇನೋ. ಆದರೆ ತಮ್ಮದೇ ತಾಲ್ಲೂಕಿನ ಮಳವಳ್ಳಿಯ ಕಂಬದ ಮೇಲೆ, ಕದಂಬರಿಗಿಂತ ಮೊದಲು ಆಳಿದ ಚುಟುಕುಲದ ಅರಸ ಸಾತಕರ್ಣಿಯ ಪ್ರಾಕೃತ ಶಾಸನವಿದೆ, ಅದರ ಕೆಳಗೆ ಕದಂಬರ ಶಾಸನವಿದೆ. ಒಂದು ರಾಜವಂಶ ಹೋಗಿ ಇನ್ನೊಂದು ಬಂದದ್ದನ್ನು ಒಂದೇ ಕಲ್ಲಿನಲ್ಲಿ ಮೇಲಿನಿಂದ ಕೆಳಕ್ಕೆ ಓದಬಹುದಾದ ಇಂತಹ ಸ್ಥಳಗಳು ನಾಡಿನಲ್ಲಿ ಎಷ್ಟಿವೆ?

ತಾಳಗುಂದದ ಸ್ತಂಭಶಾಸನದಿಂದ ನಾವು ಮಕ್ಕಳಿಗೆ ಕಲಿಸುವುದು ಒಂದೇ ಕಥೆ: ಕದಂಬ ವಂಶದ ಮೂಲಪುರುಷ ಮಯೂರಶರ್ಮ ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ, ಎಂದರೆ ವಿದ್ಯಾಕೇಂದ್ರಕ್ಕೆ, ಹೋದದ್ದು, ಪಲ್ಲವರ ಕುದುರೆಯಾಳಿನೊಂದಿಗೆ ಜಗಳವಾಗಿ ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು. ಅದು ರೋಚಕವೇ. ಆದರೆ ಕದಂಬ ದೊರೆ ಶಾಂತಿವರ್ಮನ ಕಾಲದಲ್ಲಿ ಕವಿ ಕುಬ್ಜ ಆ ಸಂಸ್ಕೃತ ಪದ್ಯಗಳನ್ನು ಬರೆದದ್ದು ಏತಕ್ಕೆ? ಅವನ ತಂದೆ ಕಾಕುತ್ಸ್ಥವರ್ಮ ಅಲ್ಲಿನ ಶಿವಾಲಯದ ಬಳಿ ಒಂದು ಕೆರೆ ಕಟ್ಟಿಸಿದನೆಂದು ದಾಖಲಿಸಲು! ಕೆರೆಯ ನೆಪದಲ್ಲಿ ವಂಶಚರಿತ್ರೆ ಬಂತು. ನಾವು ವಂಶವನ್ನು ಉಳಿಸಿಕೊಂಡು ಕೆರೆಯನ್ನು ಕೈಬಿಟ್ಟೆವು. ನಮ್ಮ ಪಠ್ಯಪುಸ್ತಕಗಳ ಮೇಲೆ ನನಗಿರುವ ಹಳೆಯ ತಕರಾರು ಇದೇ.

ಬಳ್ಳಿಗಾವಿಯ ಕೋಡಿಯ ಮಠವೂ ಕೆರೆಯ ಕೋಡಿಯ ಬಳಿ ಬೆಳೆದದ್ದೇ. 1162ರ ಶಾಸನವನ್ನು ತಾವು ದಯವಿಟ್ಟು ಒಮ್ಮೆ ಓದಬೇಕು. ವೇದಗಳ ಜೊತೆಗೆ ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳ ಅಧ್ಯಯನ, ರೋಗಿಗಳಿಗೆ ಚಿಕಿತ್ಸೆ, ಕುಂಟರು, ಕುರುಡರು, ಕಿವುಡರು, ಅನಾಥರಿಗೆ ಊಟ. ಶೈವಮಠದ ಆ ಪಂಕ್ತಿಯಲ್ಲಿ ಕ್ಷಪಣಕರಿಗೂ, ಎಂದರೆ ಜೈನ ಸನ್ಯಾಸಿಗಳಿಗೂ, ಎಡೆಯಿತ್ತು. ಇದೇ ಊರಿನ ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿಗೆ ಹೋಗಿ ಮದನಿಕೆಯರನ್ನು ಕಡೆದು ಹೆಸರು ಕೆತ್ತಿ ಬಂದರು. ಬೇಲೂರಿಗೆ ಬಸ್ಸು ತುಂಬಾ ಪ್ರವಾಸಿಗರು ಹೋಗುತ್ತಾರೆ, ಆ ಶಿಲ್ಪಿಗಳ ಊರಿನ ಹಾದಿ ಯಾರಿಗೂ ಬೇಡ. ಅಲ್ಲಮನ ಬಳ್ಳಿಗಾವಿ, ಅಕ್ಕನ ಉಡುತಡಿ ಎರಡೂ ತಮ್ಮ ತಾಲ್ಲೂಕಿನಲ್ಲೇ ಇರುವುದನ್ನು ತಮಗೆ ನೆನಪಿಸಬೇಕಾಗಿಲ್ಲ.

ಆ ಕಡೆಯ ಒಂದು ಹಳ್ಳಿಯಲ್ಲಿ ತುರುಗೋಳಿನ, ಎಂದರೆ ದನಗಳ ಅಪಹರಣದ ಕಾಳಗದ, ವೀರಗಲ್ಲೊಂದನ್ನು ಕಂಡಿದ್ದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಅದಕ್ಕೆ ಬೆಳ್ಳಿಬಣ್ಣ ಬಳಿದಿದ್ದರು; ಹಸುಗಳ ಕೋಡು ಮಾತ್ರ ಕೆಂಪು. ಅಕ್ಷರಗಳ ಸಂದಿನಲ್ಲೆಲ್ಲ ಬಣ್ಣ ತುಂಬಿ ಒಂದು ಸಾಲೂ ಓದಲು ಬರಲಿಲ್ಲ. ಬಣ್ಣಕ್ಕೆ ಹಣ ಕೊಟ್ಟವರ ಹೆಸರುಗಳ ಹೊಸ ಫಲಕವನ್ನು ಮಾತ್ರ ದೂರದಿಂದಲೇ ಓದಬಹುದಿತ್ತು.

ಶಾಸನತಜ್ಞ ಬಿ.ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಸಂಗ್ರಹದ ಏಳನೆಯ ಸಂಪುಟದಲ್ಲಿ ತಮ್ಮ ತಾಲ್ಲೂಕಿನ ಶಾಸನಗಳನ್ನು ಊರು ಊರಿನ ಹೆಸರು ಹಾಕಿ ಅಚ್ಚು ಮಾಡಿಸಿದ್ದಾರೆ. ಪಟ್ಟಣದ ಪರವಾಗಿ ಇಷ್ಟು ಚೆನ್ನಾಗಿ ವಾದಿಸಬಲ್ಲ ತಾವು, ಆ ಪಟ್ಟಿಯನ್ನು ಹಿಡಿದು ತಮ್ಮ ಹೋಬಳಿಯ ಕಲ್ಲುಗಳು ಈಗ ಎಲ್ಲಿವೆ, ಯಾವ ಸ್ಥಿತಿಯಲ್ಲಿವೆ ಎಂದು ನೋಡಿ ಬರೆದು ಕಳಿಸಿದರೆ, ಒಂದು ಪ್ಯಾರಾ ಅಲ್ಲ, ಎಷ್ಟು ಪುಟವಾದರೂ ಪ್ರಕಟಿಸುತ್ತೇವೆ.
– ಸಂ.