ಮೀಟರ್ ತೋರಿಸಿದ್ದನ್ನೇ ಬರೆಯಿರಿ: ಅಪಾರ್ಟ್‌ಮೆಂಟ್ ನೀರು–ಕರೆಂಟ್ ವರದಿಯ ಪ್ರಶ್ನೆಗಳಿಗೆ ಉತ್ತರ

ಮೇ ತಿಂಗಳ ಕೊನೆಯ ವಾರ ಮತ್ತು ನವೆಂಬರ್ ಕೊನೆಯ ವಾರ ನನಗೆ ಬರುವ ಪತ್ರಗಳು ದಿಢೀರನೆ ಹೆಚ್ಚುತ್ತವೆ. ಪರಿಸರ ಅನುಮತಿ ಪಡೆದ ಅಪಾರ್ಟ್‌ಮೆಂಟ್‌ಗಳು ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಅರ್ಧವಾರ್ಷಿಕ ವರದಿ ಕೊಡಬೇಕೆಂಬ ನಿಯಮ ಕೇಂದ್ರ ಪರಿಸರ ಸಚಿವಾಲಯದ 2006ರ ಅಧಿಸೂಚನೆಯಲ್ಲೇ ಇದೆ. ಬೆಂಗಳೂರಿನ ಅಸೋಸಿಯೇಷನ್‌ಗಳಿಗೆ ಅದು ನೆನಪಾಗುವುದು ಗಡುವಿಗೆ ನಾಲ್ಕು ದಿನ ಉಳಿದಾಗ. ಎಸ್‌ಟಿಪಿ ಎಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕ, ಕನ್ಸೆಂಟ್ ಎಂದರೆ ಅದನ್ನು ನಡೆಸಲು ಮಾಲಿನ್ಯ ನಿಯಂತ್ರಣ ಮಂಡಳಿ ಕೊಡುವ ಒಪ್ಪಿಗೆ; ಅದಕ್ಕಿಂತ ಹೆಚ್ಚು ಇಲ್ಲಿ ಮತ್ತೆ ಹೇಳುವುದಿಲ್ಲ. ಈ ಸಲ ಹೆಚ್ಚಿನ ಜಾಗವನ್ನು ಒಂದೇ ಪ್ರಶ್ನೆಗೆ ಕೊಟ್ಟಿದ್ದೇನೆ: ವರದಿಯಲ್ಲಿ ಬರೆಯಬೇಕಾದದ್ದು ಮೀಟರಿನ ಅಂಕಿಯೋ, ಅನುಮತಿ ಪತ್ರದ ಅಂಕಿಯೋ? ಅದನ್ನು ಬೇರೆ ಬೇರೆ ಮಾತಿನಲ್ಲಿ ನೀವು ಕೇಳುತ್ತಲೇ ಇದ್ದೀರಿ, ಊರ ತುಂಬ ಅದಕ್ಕೆ ತಪ್ಪು ಉತ್ತರವೇ ಓಡಾಡುತ್ತಿದೆ.

ಪ್ರಶ್ನೆ: ನಮ್ಮದು ವೈಟ್‌ಫೀಲ್ಡ್ ಕಡೆಯ 240 ಫ್ಲ್ಯಾಟ್‌ಗಳ ಅಪಾರ್ಟ್‌ಮೆಂಟ್. ನಾನು ಈ ವರ್ಷದ ಕಾರ್ಯದರ್ಶಿ. ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಸೇರಿ ದಿನಕ್ಕೆ ಸರಾಸರಿ 90 ಕಿಲೋಲೀಟರ್ ನೀರು ಒಳಗೆ ಬರುತ್ತದೆ. ಫ್ಲಶ್‌ಗೆ ಹೋಗುವ ಶುದ್ಧೀಕರಿಸಿದ ನೀರು 28. ಆದರೆ ಎಸ್‌ಟಿಪಿಯೊಳಕ್ಕೆ ಬರುವ ಕೊಳಚೆಯನ್ನು ಅಳೆಯುವ ಇನ್‌ಲೆಟ್ ಮೀಟರ್ 108 ತೋರಿಸುತ್ತದೆ. ತಂದ ನೀರಿಗಿಂತ ಕೊಳಚೆ ಹೆಚ್ಚಾಗುವುದು ಹೇಗೆ? ಮೀಟರ್ ಕೆಟ್ಟಿದೆ, ಅನುಮತಿ ಪತ್ರದಲ್ಲಿರುವ 140 ಅನ್ನೇ ಹಾಕಿಬಿಡೋಣ ಎನ್ನುತ್ತಾರೆ ಕನ್ಸಲ್ಟೆಂಟ್. ಏನು ಮಾಡಲಿ ಸಾರ್?

ಉತ್ತರ: 140 ಬರೆಯಬೇಡಿ. ನೀವು ಕೊಟ್ಟ ಅಂಕಿಗಳನ್ನು ನೋಡಿದರೆ ನಿಮ್ಮ ಮೀಟರ್ ಸರಿಯಾಗಿಯೇ ಇದೆ. ನಿಮ್ಮ ಕನ್ಸಲ್ಟೆಂಟ್ ಲೆಕ್ಕ ಹಾಕಿ ನೋಡಿಲ್ಲ.

ಅಡುಗೆಮನೆ, ಬಚ್ಚಲು, ಬಟ್ಟೆ ಒಗೆಯುವ ಕಡೆ ಬಳಸಿದ 90ರಲ್ಲಿ ಎಲ್ಲವೂ ಚರಂಡಿಗೆ ಹೋಗುವುದಿಲ್ಲ. ನೆಲ ಒರೆಸಿದ್ದು, ಗಿಡಕ್ಕೆ ಹಾಕಿದ್ದು, ಆರಿದ್ದು ಕಳೆದು ನೂರಕ್ಕೆ ಸುಮಾರು 85ರಷ್ಟು ವಾಪಸ್ ಬರುತ್ತದೆ ಎಂದು ಹಿಡಿಯುತ್ತೇವೆ. ಅಲ್ಲಿಗೆ 76 ಆಯಿತು. ಫ್ಲಶ್‌ಗೆ ಬಿಟ್ಟ 28 ಹೆಚ್ಚೂಕಡಿಮೆ ಪೂರ್ತಿ ಎಸ್‌ಟಿಪಿಗೇ ಮರಳುತ್ತದೆ. ಅಲ್ಲಿಗೆ 104. ಮರಳು ಫಿಲ್ಟರ್ ಮತ್ತು ಕಾರ್ಬನ್ ಫಿಲ್ಟರ್‌ಗಳನ್ನು ತೊಳೆದ ಬ್ಯಾಕ್‌ವಾಶ್ ನೀರೂ ಅದೇ ತೊಟ್ಟಿಗೆ ಬಂದು ಬೀಳುತ್ತದೆ, ಅದಕ್ಕೆ ಮೂರೋ ನಾಲ್ಕೋ ಸೇರಿಸಿ. ನಿಮ್ಮ 108 ಬಂತಲ್ಲ! ಒಂದೇ ನೀರು ಮನೆಯೊಳಗೆ ಎರಡನೇ ಸುತ್ತು ಬರುವಾಗ ಇನ್‌ಲೆಟ್ ಮೀಟರ್ ಅದನ್ನು ಎರಡನೇ ಸಲವೂ ಎಣಿಸುತ್ತದೆ. ಮರುಬಳಕೆ ನಿಜವಾಗಿ ನಡೆಯುತ್ತಿರುವ ಕಟ್ಟಡದಲ್ಲಿ ಕೊಳಚೆಯ ಅಂಕಿ ತಂದ ನೀರನ್ನು ಮೀರಿದರೆ ಅದು ಸಹಜ. ವರದಿಯಲ್ಲಿ ಈ ಲೆಕ್ಕವನ್ನು ನಾಲ್ಕು ಸಾಲಿನಲ್ಲಿ ಹೀಗೆಯೇ ಬಿಡಿಸಿ ಬರೆಯಿರಿ. ಓದಿದ ಅಧಿಕಾರಿಗೆ ನಿಮ್ಮಲ್ಲಿ ಯಾರೋ ಮೀಟರ್ ನೋಡುತ್ತಿದ್ದಾರೆ ಎಂಬುದು ಗೊತ್ತಾಗುತ್ತದೆ.

ಇನ್ನು ಆ 140 ಎಲ್ಲಿಂದ ಬಂತು? ಕಟ್ಟಡ ಕಟ್ಟುವ ಮೊದಲು ಡಿಸೈನ್ ಎಂಜಿನಿಯರ್ ಫ್ಲ್ಯಾಟಿಗೆ ಐದು ಜನ, ತಲೆಗೆ 135 ಲೀಟರ್ ಎಂದು ಹಿಡಿದಿರುತ್ತಾರೆ. 240 ಫ್ಲ್ಯಾಟ್‌ಗೆ 1,200 ಜನ, 162 ಕಿಲೋಲೀಟರ್ ನೀರು, ಅದರಲ್ಲಿ ನೂರಕ್ಕೆ 85 ಪಾಲು ಕೊಳಚೆ ಎಂದರೆ ಸುಮಾರು 140. ಅದು ಘಟಕ ಎಷ್ಟು ದೊಡ್ಡದಿರಬೇಕು ಎಂದು ಹೇಳುವ ಅಂಕಿ. ಬೆಂಗಳೂರಿನ ಫ್ಲ್ಯಾಟ್‌ಗಳಲ್ಲಿ ಇಂದು ಐದು ಜನ ಇರುವುದು ಎಷ್ಟು ಕಡೆ? ಕೆಲವು ಫ್ಲ್ಯಾಟ್‌ಗಳು ಖಾಲಿ, ಕೆಲವುಗಳಲ್ಲಿ ಇಬ್ಬರೇ. ಘಟಕದ ಸಾಮರ್ಥ್ಯವನ್ನು ದಿನದ ಬಳಕೆ ಎಂದು ಬರೆದುಕೊಟ್ಟರೆ ಮುಂದಿನ ಪ್ರಶ್ನೆಗೆ ನಿಮ್ಮಲ್ಲಿ ಉತ್ತರ ಇರುವುದಿಲ್ಲ: 140 ಶುದ್ಧೀಕರಿಸಿದ್ದೀರಿ, 28 ಫ್ಲಶ್‌ಗೆ, ಒಂದಿಷ್ಟು ತೋಟಕ್ಕೆ, ಉಳಿದದ್ದು ಎಲ್ಲಿಗೆ ಹೋಯಿತು? ಆ ಇಲ್ಲದ ನೀರಿಗೆ ಲೆಕ್ಕ ಹುಡುಕಲು ಇನ್ನೊಂದು ಸುಳ್ಳು ಅಂಕಿ ಬೇಕಾಗುತ್ತದೆ.

ಸುಳ್ಳು ಸಿಕ್ಕಿಬೀಳುವುದು ಕರೆಂಟ್ ಲೆಕ್ಕದಲ್ಲಿ. ಇದನ್ನು ಯಾರೂ ಯೋಚಿಸುವುದೇ ಇಲ್ಲ. ಎಸ್‌ಟಿಪಿಗೆ ಪ್ರತ್ಯೇಕ ಸಬ್‌ಮೀಟರ್ ಸಾಮಾನ್ಯವಾಗಿ ಇರುತ್ತದೆ, ಇಲ್ಲದಿದ್ದರೆ ಮೊದಲು ಹಾಕಿಸಿ. ತೊಟ್ಟಿಗೆ ಗಾಳಿ ಊದುವ 5 ಎಚ್‌ಪಿ ಬ್ಲೋವರ್ ಎಂದರೆ ಸುಮಾರು 3.7 ಕಿಲೋವ್ಯಾಟ್. ಪೂರ್ಣ ಲೋಡಿನಲ್ಲಿ ದಿನಕ್ಕೆ 20 ಗಂಟೆ ಓಡಿದರೆ ಅದೊಂದಕ್ಕೇ ಎಪ್ಪತ್ತು ಯೂನಿಟ್ ಮೇಲಾಗುತ್ತದೆ. ಅದರ ಮೇಲೆ ಫಿಲ್ಟರ್‌ಗೆ ನೀರು ತಳ್ಳುವ ಫೀಡ್ ಪಂಪು, ಕೆಸರು ಎತ್ತುವ ಸ್ಲಡ್ಜ್ ಪಂಪು ಇವೆ. ಲಾಗ್‌ಬುಕ್ಕಿನಲ್ಲಿ ಬ್ಲೋವರ್ 20 ಗಂಟೆ ಓಡಿದೆ ಎಂದಿದ್ದು, ಸಬ್‌ಮೀಟರಿನಲ್ಲಿ ದಿನಕ್ಕೆ 30 ಯೂನಿಟ್ ಬಿದ್ದಿದ್ದರೆ ಬ್ಲೋವರ್ ಅಷ್ಟು ಹೊತ್ತು ಓಡಿಲ್ಲ. ಇಷ್ಟನ್ನು ಪತ್ತೆ ಮಾಡಲು ಅಧಿಕಾರಿ ನೀರನ್ನು ಪರೀಕ್ಷೆಗೆ ಕಳಿಸುವ ಅಗತ್ಯವೂ ಇಲ್ಲ.

ಸಬ್‌ಮೀಟರ್ ಓದುವಾಗ ಒಂದು ಎಚ್ಚರ. ಅದು ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಹಾಕಿದ ಮೀಟರಾಗಿದ್ದರೆ ಮೇಲೆ ಎಂಎಫ್, ಅಂದರೆ ಎಷ್ಟರಿಂದ ಗುಣಿಸಬೇಕು ಎಂಬ ಅಂಕಿ ಬರೆದಿರುತ್ತದೆ, 10, 20, 40 ಹೀಗೆ. ಪರದೆಯ ಮೇಲಿನ ವ್ಯತ್ಯಾಸವನ್ನು ಅದರಿಂದ ಗುಣಿಸಬೇಕು. ಪರದೆಯಲ್ಲಿ ದಿನಕ್ಕೆ 4 ಏರಿ ಎಂಎಫ್ 20 ಇದ್ದರೆ ಖರ್ಚಾದದ್ದು 80 ಯೂನಿಟ್. ಗುಣಿಸದೆ 4 ಎಂದೇ ಬರೆದು, "ನಮ್ಮ ಎಸ್‌ಟಿಪಿ ಬಹಳ ಮಿತವ್ಯಯಿ" ಎಂದು ಸರ್ವಸದಸ್ಯರ ಸಭೆಯಲ್ಲಿ ಹೇಳಿಕೊಂಡವರನ್ನು ನಾನು ಕಂಡಿದ್ದೇನೆ.

ಈಗ ಆ 90ರ ವಿಚಾರ. ನಿಮ್ಮ ಪತ್ರದಲ್ಲಿ ನನಗೆ ಅನುಮಾನ ಇರುವುದು ಇಲ್ಲೇ. ಕಾವೇರಿಗೆ ಜಲಮಂಡಳಿಯ ಮೀಟರ್ ಇದೆ, ಬೋರ್‌ವೆಲ್‌ಗೆ ನೀವು ಹಾಕಿಸಿದ ಮೀಟರ್ ಇದೆ. ಟ್ಯಾಂಕರ್‌ಗೆ? ಬಹುಪಾಲು ಕಡೆ ಸೆಕ್ಯುರಿಟಿಯವರು ರಶೀದಿ ಎಣಿಸಿ 12 ಸಾವಿರದಿಂದ ಗುಣಿಸುತ್ತಾರೆ. ಒಂದು ದಿನ ನೀವೇ ಸಂಪಿನ ಬಳಿ ನಿಂತು ನೋಡಿ. ಸಂಪಿಗೆ ಬರುವ ಬೇರೆ ನೀರಿನ ವಾಲ್ವ್ ಮುಚ್ಚಿಸಿ, ಮೇಲಕ್ಕೆ ಏರಿಸುವ ಪಂಪನ್ನೂ ನಿಲ್ಲಿಸಿ, ಉದ್ದನೆಯ ಕೋಲು ಇಳಿಬಿಟ್ಟು ಒದ್ದೆಯಾದ ಗುರುತನ್ನು ಅಳೆಯಿರಿ. ಟ್ಯಾಂಕರ್ ಖಾಲಿಯಾದ ಮೇಲೆ ಮತ್ತೆ ಅಳೆಯಿರಿ. ಸಂಪು 6 ಮೀಟರ್ ಉದ್ದ, 4 ಮೀಟರ್ ಅಗಲ ಇದ್ದರೆ 12 ಸಾವಿರ ಲೀಟರಿಗೆ ನೀರು ಸರಿಯಾಗಿ 50 ಸೆಂಟಿಮೀಟರ್ ಏರಬೇಕು. 42 ಮಾತ್ರ ಏರಿದರೆ ನಿಮಗೆ ಬಂದದ್ದು 10 ಸಾವಿರ ಚಿಲ್ಲರೆ. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗಿನ 12 ಸಾವಿರ ಲೀಟರ್ ಟ್ಯಾಂಕರ್‌ಗೆ 1,000 ರೂಪಾಯಿ ಎಂದು ದರ ಗೊತ್ತುಮಾಡಿದಾಗ ಎಲ್ಲರೂ ರೂಪಾಯಿಯನ್ನೇ ನೋಡಿದರು, ಲೀಟರ್ ಅಳೆದವರು ಬೆರಳೆಣಿಕೆ. ಟ್ಯಾಂಕರ್ ನೀರು ಇಳಿಯುವ ಪೈಪಿಗೇ ಒಂದು ಮೀಟರ್ ಹಾಕಿಸಿದರೆ ಈ ಜಗಳ ಮುಗಿಯುತ್ತದೆ.

ಮಳೆಗಾಲದ ತಿಂಗಳಲ್ಲಿ ನಿಮ್ಮ 108 ಇದ್ದಕ್ಕಿದ್ದಂತೆ 130, 150 ಆದರೆ ಅದನ್ನೂ ಇದ್ದಂತೆಯೇ ಬರೆಯಿರಿ. ಜೊತೆಗೆ ಕಾರಣ ಹುಡುಕಿ. ಯಾರೋ ಪ್ಲಂಬರ್ ಚಾವಣಿಯ ಮಳೆ ಪೈಪನ್ನು ಹತ್ತಿರದ ಕೊಳಚೆ ಚೇಂಬರ್‌ಗೆ ತಿರುಗಿಸಿರುತ್ತಾನೆ, ಇಲ್ಲವೇ ಚೇಂಬರ್ ಮುಚ್ಚಳ ನೆಲಮಟ್ಟಕ್ಕಿಂತ ಕೆಳಗಿದ್ದು ಅಂಗಳದ ನೀರೆಲ್ಲ ಅದರೊಳಕ್ಕೆ ಇಳಿಯುತ್ತಿರುತ್ತದೆ. ಜೋರು ಮಳೆಯಲ್ಲಿ ಎಸ್‌ಟಿಪಿ ಉಕ್ಕಿ ಬೇಸ್‌ಮೆಂಟ್ ವಾಸನೆ ಹೊಡೆಯುವುದು ಹೆಚ್ಚಾಗಿ ಇದರಿಂದಲೇ. ಪ್ರತಿ ತಿಂಗಳೂ 140 ಎಂದು ಬರೆಯುವವರಿಗೆ ಇದು ಎಂದೂ ಕಾಣಿಸುವುದಿಲ್ಲ.

ರೀಡಿಂಗ್ ತೆಗೆಯುವುದು ದಿನವೂ ಒಂದೇ ಹೊತ್ತಿಗೆ, ಬೆಳಿಗ್ಗೆ ಆರಕ್ಕಾದರೆ ಆರಕ್ಕೇ. ಬಳಕೆಯ ಜೊತೆಗೆ ಮೀಟರಿನ ಪೂರ್ತಿ ಅಂಕಿಯನ್ನೂ ಬರೆಸಿ. ಆಗ ಒಂದು ದಿನ ತಪ್ಪಿದರೂ ಮರುದಿನ ಲೆಕ್ಕ ಕೂಡಿಬರುತ್ತದೆ. ತಿಂಗಳ ಮೊದಲ ದಿನ ಮೀಟರಿನ ಫೋಟೊ ತೆಗೆದಿಟ್ಟುಕೊಳ್ಳಿ. ನಾನು ನೋಡುವ ಎಷ್ಟೋ ಲಾಗ್‌ಬುಕ್‌ಗಳಲ್ಲಿ ಇಡೀ ತಿಂಗಳ ಪುಟ ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ, ದಿನವೂ ಅದೇ ಅಂಕಿ. ದೀಪಾವಳಿಗೆ ಅರ್ಧ ಅಪಾರ್ಟ್‌ಮೆಂಟ್ ಊರಿಗೆ ಹೋದ ದಿನವೂ ಅಷ್ಟೇ ನೀರು! ಇದಕ್ಕೆ ಆಪರೇಟರ್‌ನನ್ನು ಬೈಯಬೇಡಿ. ಅವನಿಗೆ ಯಾರೂ ಮೀಟರ್ ಓದುವುದನ್ನು ಕಲಿಸಿಲ್ಲ, ಅವನು ಬರೆದದ್ದನ್ನು ಯಾರೂ ಓದಿಯೂ ಇಲ್ಲ.

ಕೊನೆಗೆ, ವರದಿಗೆ ಸಹಿ ಹಾಕುವವರು ನೀವು. ಜಲ ಮಾಲಿನ್ಯ ತಡೆಯ 1974ರ ಕಾಯ್ದೆಯ 42ನೇ ಕಲಂ ಗೊತ್ತಿದ್ದೂ ಸುಳ್ಳು ಮಾಹಿತಿ ಕೊಡುವುದನ್ನೇ ದಂಡಕ್ಕೆ ಗುರಿಯಾಗುವ ತಪ್ಪು ಎನ್ನುತ್ತದೆ. "ಎಲ್ಲ ನಾವೇ ನೋಡಿಕೊಳ್ಳುತ್ತೇವೆ, ನೀವು ಸಹಿ ಮಾಡಿ" ಎನ್ನುವ ಏಜೆಂಟರು ನೋಟಿಸ್ ಬಂದ ದಿನ ಫೋನ್ ಎತ್ತುವುದಿಲ್ಲ. ಇವರಲ್ಲಿ ಕೆಲವರು ಲ್ಯಾಬಿಗೆ ಕಳಿಸುವ ಬಾಟಲಿಗೆ ಕಾವೇರಿ ನಲ್ಲಿಯ ನೀರು ಬೆರೆಸುವುದೂ ಉಂಟು. ಸ್ಯಾಂಪಲ್ ತೆಗೆಯಲು ಲ್ಯಾಬಿನವರೇ ಬರಬೇಕು, ನಿಮ್ಮ ಕಡೆಯವರೊಬ್ಬರು ಪಕ್ಕದಲ್ಲಿ ನಿಂತಿರಬೇಕು. ಬಿಒಡಿ (ನೀರಿನಲ್ಲಿ ಉಳಿದ ಕೊಳೆ ಎಷ್ಟೆಂದು ಹೇಳುವ ಅಳತೆ) ಮಿತಿ ಮೀರಿದ್ದರೆ ಮೀರಿದೆ ಎಂದೇ ಬರೆದು, ಏನು ರಿಪೇರಿ ಮಾಡಿಸುತ್ತಿದ್ದೀರಿ, ಯಾವ ತಾರೀಕಿಗೆ ಮುಗಿಯುತ್ತದೆ ಎಂದು ಕೆಳಗೆ ಸೇರಿಸಿ. ನಾನಾಗಿದ್ದರೆ ಆ ಕನ್ಸಲ್ಟೆಂಟ್‌ರನ್ನು ಈ ತಿಂಗಳೇ ಬದಲಿಸುತ್ತಿದ್ದೆ.

ಪ್ರಶ್ನೆ: ರಾತ್ರಿ ಹೊತ್ತು ಬ್ಲೋವರ್ ನಿಲ್ಲಿಸಿ, ವಾರಕ್ಕೊಮ್ಮೆ ಬ್ಯಾಕ್ಟೀರಿಯಾದ ಕಲ್ಚರ್ ಪುಡಿ ಹಾಕಿದರೆ ಕರೆಂಟ್ ಬಿಲ್ ಅರ್ಧವಾಗುತ್ತದೆ ಎಂದು ಒಬ್ಬರು ಬಂದಿದ್ದರು. ತೆಗೆದುಕೊಳ್ಳೋಣವೇ?

ಉತ್ತರ: ಬೇಡ. ಕೊಳಚೆಯನ್ನು ತಿಂದು ಮುಗಿಸುವ ಬ್ಯಾಕ್ಟೀರಿಯಾಗಳು ನಿಮ್ಮ ತೊಟ್ಟಿಯಲ್ಲಿ ಆಗಲೇ ಧಾರಾಳವಾಗಿವೆ. ಅವಕ್ಕೆ ಬೇಕಾದದ್ದು ಗಾಳಿ. ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಆಸುಪಾಸಿನಲ್ಲಿ ಉಳಿಯಬೇಕು. ಇಡೀ ರಾತ್ರಿ ಗಾಳಿ ನಿಂತರೆ ಅವು ಸೊರಗುತ್ತವೆ, ಬೆಳಿಗ್ಗೆ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಮತ್ತೆ ಸರಿದಾರಿಗೆ ತರಲು ಎಷ್ಟೋ ದಿನ ಹಿಡಿಯುತ್ತದೆ. ಪುಡಿಗೆ ಕೊಡುವ ದುಡ್ಡಿನಲ್ಲಿ ತಳದಲ್ಲಿ ಗಾಳಿಯನ್ನು ಗುಳ್ಳೆಯಾಗಿ ಬಿಡುವ ಡಿಫ್ಯೂಸರ್‌ಗಳನ್ನು ಎತ್ತಿಸಿ ನೋಡಿ, ಕಟ್ಟಿಕೊಂಡಿದ್ದರೆ ಬದಲಿಸಿ. ಬ್ಲೋವರಿನ ಏರ್ ಫಿಲ್ಟರ್ ತೊಳೆಸಿ. ಆಮ್ಲಜನಕ ಅಳೆಯುವ ಮೀಟರ್ ಇಟ್ಟುಕೊಂಡು ಬ್ಲೋವರಿಗೆ ವಿಎಫ್‌ಡಿ (ಮೋಟಾರಿನ ವೇಗ ಏರಿಳಿಸುವ ಸಾಧನ) ಹಾಕಿಸಿ ವೇಗ ತಗ್ಗಿಸಿದರೆ ಕರೆಂಟ್ ನಿಜವಾಗಿ ಉಳಿಯುತ್ತದೆ. ಅಳೆಯದೆ ತಗ್ಗಿಸುವುದು ಮಾತ್ರ ಬೇಡ.

ಪ್ರಶ್ನೆ: ಬಿಲ್ಡರ್ ಹಸ್ತಾಂತರ ಮಾಡಿ ಹೋಗಿದ್ದಾರೆ. ಕನ್ಸೆಂಟ್ ಇನ್ನೂ ಅವರ ಹೆಸರಿನಲ್ಲೇ ಇದೆ. ವರದಿ ಯಾರು ಕೊಡಬೇಕು?

ಉತ್ತರ: ಈಗ ಎಸ್‌ಟಿಪಿ ನಡೆಸುತ್ತಿರುವವರು ನೀವು, ಆದ್ದರಿಂದ ನೀವೇ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಇಂದೇ ಅರ್ಜಿ ಹಾಕಿ ಹೆಸರು ಬದಲಿಸಿಕೊಳ್ಳಿ. ಪರಿಸರ ಅನುಮತಿ ಪತ್ರ, ಹಳೆಯ ವರದಿಗಳ ಪ್ರತಿ, ಎಸ್‌ಟಿಪಿ ನಕ್ಷೆ, ಪೈಪ್‌ಲೈನ್ ನಕ್ಷೆ ಇವನ್ನೆಲ್ಲ ಬಿಲ್ಡರ್‌ನಿಂದ ಬರಹದಲ್ಲಿ ಕೇಳಿ ಪಡೆಯಿರಿ. ಜಿಮ್ಮಿನ ಟ್ರೆಡ್‌ಮಿಲ್ ಎಣಿಸಿ ತೆಗೆದುಕೊಂಡು ಈ ಕಾಗದಗಳನ್ನು ಬಿಟ್ಟುಬರುವ ಕಮಿಟಿಗಳೇ ಹೆಚ್ಚು. ನನಗೆ ಇದು ಇಂದಿಗೂ ಅರ್ಥವಾಗಿಲ್ಲ.

ಪ್ರಶ್ನೆ: ನಮ್ಮದು 36 ಫ್ಲ್ಯಾಟ್. ನಮಗೂ ಅರ್ಧವಾರ್ಷಿಕ ವರದಿ ಇದೆಯೇ?

ಉತ್ತರ: ಒಟ್ಟು ನಿರ್ಮಿತ ಪ್ರದೇಶ 20,000 ಚದರ ಮೀಟರ್ ಮುಟ್ಟದೆ, ಪರಿಸರ ಅನುಮತಿ ಪಡೆದೇ ಇಲ್ಲದಿದ್ದರೆ ಆ ವರದಿ ಇಲ್ಲ. ಕನ್ಸೆಂಟ್ ಇದ್ದರೆ ಅದರ ಷರತ್ತುಗಳು ಮಾತ್ರ ಇದ್ದೇ ಇವೆ, ತೆಗೆದು ಓದಿ.

ಪ್ರಶ್ನೆ: ನಲ್ಲಿಯ ಬಾಯಿಗೆ ನೀರಿನ ಹರಿವು ತಗ್ಗಿಸುವ ಏರೇಟರ್ ಹಾಕಿಸಿದ ಮೇಲೆ ನೀರೇ ಬರುತ್ತಿಲ್ಲ, ತೆಗೆದುಬಿಡಬಹುದೇ?

ಉತ್ತರ: ಅಪಾರ್ಟ್‌ಮೆಂಟ್‌ಗಳಿಗೆ ಜಲಮಂಡಳಿ 2024ರಲ್ಲೇ ಕಡ್ಡಾಯ ಮಾಡಿದೆ, ತೆಗೆಯಬೇಡಿ. ಬೋರ್‌ವೆಲ್ ನೀರಿನ ಸುಣ್ಣ ಜಾಲರಿಯಲ್ಲಿ ಕಟ್ಟಿಕೊಂಡಿದೆ. ಬಿಚ್ಚಿ ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿ ಉಜ್ಜಿ.

ಪ್ರಶ್ನೆ: ಪ್ಲಗ್ಗಿಗೆ ಸಿಕ್ಕಿಸುವ ಪವರ್ ಸೇವರ್ ಡಬ್ಬಿಯನ್ನು ಪ್ರತಿ ಮನೆಗೆ ಕೊಡಿಸಿ, ಅದನ್ನು ಇಂಧನ ಉಳಿತಾಯ ಕ್ರಮ ಎಂದು ವರದಿಯಲ್ಲಿ ತೋರಿಸಬಹುದೇ?

ಉತ್ತರ: ಅದರಿಂದ ಮನೆಯ ಬಿಲ್ಲಿನಲ್ಲಿ ಒಂದು ಯೂನಿಟ್ಟೂ ಉಳಿಯುವುದಿಲ್ಲ. ವರದಿಯಲ್ಲಿ ಬರೆದರೆ ಉಳಿದ ಅಂಕಿಗಳನ್ನೂ ಯಾರೂ ನಂಬುವುದಿಲ್ಲ.

ಪ್ರಶ್ನೆ: ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ಜಲ ನೋಡುವವರನ್ನು ಕರೆಸಿ ಇನ್ನೊಂದು ಬೋರ್ ಹಾಕಿಸಬೇಕೆಂದಿದ್ದೇವೆ.

ಉತ್ತರ: ಮೊದಲು ಅನುಮತಿ, ಆಮೇಲೆ ಭೂವಿಜ್ಞಾನಿ. ತೆಂಗಿನಕಾಯಿಗೆ ಇಲ್ಲಿ ಕೆಲಸವಿಲ್ಲ.

ಪ್ರಶ್ನೆ: ಮಳೆನೀರು ಸಂಗ್ರಹ ಇದೆ ಎಂದು ವರದಿಯಲ್ಲಿ ಬರೆಯಲು ಎಷ್ಟು ದೊಡ್ಡ ತೊಟ್ಟಿ ಇರಬೇಕು? ನಮ್ಮಲ್ಲಿ ಎರಡು ಇಂಗುಗುಂಡಿಗಳಿವೆ.

ಉತ್ತರ: ಚಾವಣಿಯ ಪ್ರತಿ ಚದರ ಮೀಟರಿಗೆ 60 ಲೀಟರ್, ಹಾಸುಗಲ್ಲು ಅಥವಾ ಕಾಂಕ್ರೀಟ್ ಹಾಕಿದ ಅಂಗಳದ ಪ್ರತಿ ಚದರ ಮೀಟರಿಗೆ 30 ಲೀಟರ್ ಹಿಡಿಯುವಷ್ಟು ವ್ಯವಸ್ಥೆ ಇರಬೇಕು. 1,500 ಚದರ ಮೀಟರ್ ಚಾವಣಿ ಇದ್ದರೆ ಅದಕ್ಕೇ 90 ಸಾವಿರ ಲೀಟರ್ ಆಯಿತು. ನಿಮ್ಮ ಎರಡು ಗುಂಡಿಗಳ ಅಳತೆ ತೆಗೆದು ಎಷ್ಟು ಹಿಡಿಯುತ್ತವೆ ಎಂದು ಲೆಕ್ಕ ಹಾಕಿ, ಸಾಲದಿದ್ದರೆ ಮೂರನೆಯದು ತೋಡಿಸಿ. ಮುಂದಿನ ಜೋರು ಮಳೆಯಲ್ಲಿ ಕೊಡೆ ಹಿಡಿದು ಹೋಗಿ ಚಾವಣಿಯ ಪೈಪಿನ ನೀರು ಗುಂಡಿಗೆ ಬೀಳುತ್ತಿದೆಯೇ ಎಂದು ಕಣ್ಣಾರೆ ನೋಡಿದ ಮೇಲೆಯೇ "ಇದೆ" ಎಂದು ಬರೆಯಿರಿ.