ಸಹಿಸಿಕೊ ಎನ್ನುವ ಮೊದಲು

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನ ಮೂಲನಿವಾಸಿ ಆಟಗಾರ ಆಡಮ್ ಗೂಡ್ಸ್ ಕುರಿತು ನಾವು ಪ್ರಕಟಿಸಿದ ಲೇಖನ ಓದಿ ಮೆಲ್ಬರ್ನ್‌ನಲ್ಲಿ ನೆಲೆಸಿರುವ ಓದುಗರೊಬ್ಬರು ಬರೆದಿದ್ದಾರೆ: "ಇಲ್ಲಿನ ಫುಟ್‌ಬಾಲ್‌ನಲ್ಲಿ ಎದುರಾಳಿಗೆ 'ಬೂ' ಎನ್ನುವುದು ಮಾಮೂಲು. ಗೂಡ್ಸ್ ರಾಜಕೀಯ ಬಿಟ್ಟು ಆಟ ನೋಡಿಕೊಂಡಿದ್ದರೆ ಸಾಕಿತ್ತು. ಸ್ವಲ್ಪ ಸಹಿಸಿಕೊಳ್ಳಬೇಕಿತ್ತು."

ಸಂಪಾದಕರ ಉತ್ತರ:

ಬೂ ಎನ್ನುವುದು ಆ ಆಟದಲ್ಲಿ ಹಳೆಯ ಚಾಳಿ, ಒಪ್ಪಿದೆ. ಆದರೆ ನಿಮ್ಮ ಕೊನೆಯ ವಾಕ್ಯ ನನ್ನನ್ನು ಎರಡು ದಿನ ಕಾಡಿತು.

ಗೂಡ್ಸ್ ಆಟ ನೋಡಿಕೊಳ್ಳಲಿಲ್ಲವೇ? ಸಿಡ್ನಿ ಸ್ವಾನ್ಸ್ ತಂಡಕ್ಕೆ ಅವರು ಆಡಿದ್ದು 372 ಪಂದ್ಯ. ಪ್ರತಿ ಪಂದ್ಯದ ನಂತರ ಅಂಪೈರ್‌ಗಳೇ ಅಂಕ ಕೊಟ್ಟು ಆರಿಸುವ, ವರ್ಷದ ಶ್ರೇಷ್ಠ ಆಟಗಾರನ ಬ್ರೌನ್‌ಲೋ ಪದಕ ಅವರಿಗೆ 2003ರಲ್ಲೂ 2006ರಲ್ಲೂ ಬಂತು. 2012ರ ಫೈನಲ್‌ನಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿದಿತ್ತು. ಆದರೂ ಅಂಗಳ ಬಿಡಲಿಲ್ಲ, ಕೊನೆಯ ಕ್ವಾರ್ಟರ್‌ನಲ್ಲಿ ಕುಂಟುತ್ತಲೇ ಗೋಲು ಹೊಡೆದರು. ಎದುರಾಳಿ ಹಾಥಾರ್ನ್ ತಂಡ ಸೋತಿದ್ದು ಬರೀ 10 ಅಂಕಗಳಿಂದ. ಸಹನೆ ಎಂದರೆ ಇದಕ್ಕಿಂತ ಇನ್ನೇನು ಬೇಕು, ಹೇಳಿ.

2013ರ ಮೇನಲ್ಲಿ ನಿಮ್ಮದೇ ಊರಿನ ಎಂಸಿಜಿ ಕ್ರೀಡಾಂಗಣದಲ್ಲಿ ಬೇಲಿಯಾಚೆಯಿಂದ ಯಾರೋ ಅವರನ್ನು 'ವಾನರ' ಎಂದರು. ಓಡುತ್ತಿದ್ದವರು ನಿಂತು, ತಿರುಗಿ, ಆ ಕಡೆ ಬೆರಳು ತೋರಿಸಿದರು. ಕೂಗಿದ್ದು 13 ವರ್ಷದ ಹುಡುಗಿ. ಮರುದಿನ ಅವರು ಕೇಳಿಕೊಂಡಿದ್ದು ಒಂದೇ: ಅವಳನ್ನು ದೂಷಿಸಬೇಡಿ, ಅವಳಿಗೆ ಆಸರೆಯಾಗಿ. ನೀವು 'ರಾಜಕೀಯ' ಎಂದಿದ್ದು ಇದಕ್ಕೇ. ಗೂಡ್ಸ್ ಅವರ ತಾಯಿಯನ್ನು ಬಾಲ್ಯದಲ್ಲೇ ಮನೆಯವರಿಂದ ಕಿತ್ತುಕೊಂಡು ಹೋಗಿದ್ದರು. ಮೂಲನಿವಾಸಿ ಮಕ್ಕಳನ್ನು ಹಾಗೆ ಒಯ್ಯುವುದು ಆ ದೇಶದ ಸರ್ಕಾರಗಳ ನೀತಿಯೇ ಆಗಿತ್ತು. ಅಂಥ ತಾಯಿಯ ಮಗ ಬಣ್ಣದ ಮಾತೆತ್ತಿದರೆ ಅದು ಮನೆಯ ಮಾತು.

ಇದಕ್ಕೂ 20 ವರ್ಷ ಹಿಂದೆ ಮೆಲ್ಬರ್ನ್‌ನ ವಿಕ್ಟೋರಿಯಾ ಪಾರ್ಕ್ ಮೈದಾನದಲ್ಲಿ ಇನ್ನೊಬ್ಬ ಮೂಲನಿವಾಸಿ ಆಟಗಾರ ನಿಕಿ ವಿನ್ಮಾರ್ ಜೆರ್ಸಿ ಮೇಲೆತ್ತಿ, ಬೈಯುತ್ತಿದ್ದ ಜನಕ್ಕೆ ಹೊಟ್ಟೆಯ ಚರ್ಮ ತೋರಿಸಿದ್ದರು. 1995ರಲ್ಲಿ ಮತ್ತೊಬ್ಬ ಮೂಲನಿವಾಸಿ ಆಟಗಾರ ಮೈಕೇಲ್ ಲಾಂಗ್ ಪಟ್ಟುಹಿಡಿದು ದೂರು ಕೊಟ್ಟ ಮೇಲೆಯೇ ಅಂಗಳದ ಜನಾಂಗೀಯ ನಿಂದನೆಗೆ ನಿಯಮ ಬಂದಿದ್ದು. ಅವರೂ ಸಹಿಸಿಕೊಂಡಿದ್ದರೆ ಏನಾಗುತ್ತಿತ್ತು?

ನನ್ನ ಸಿಟ್ಟು ನಿಮ್ಮೊಬ್ಬರ ಮೇಲಲ್ಲ. 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಎಂಬುದನ್ನು ನಾವು ಯಾವಾಗಲೂ ಏಟು ತಿಂದವರಿಗೇ ಹೇಳುತ್ತೇವೆ, ಹೊಡೆದವರ ಕಡೆ ತಿರುಗಿ ಎಂದಾದರೂ ಹೇಳಿದ್ದೇವೆಯೇ? ಪರದೇಶದಲ್ಲಿ ಅವಮಾನವಾಯಿತೆಂದು ಊರಿಗೆ ಫೋನ್ ಮಾಡಿದ ಹುಡುಗರಿಗೂ ನಮ್ಮ ಹಿರಿಯರು ಕೊಡುವ ಬುದ್ಧಿಮಾತು ಅದೇ. ನಮ್ಮ ಕ್ರೀಡಾ ಪುಟಗಳೂ ಅಷ್ಟೇ. ಆಟಗಾರನ ತೋಳು, ತೊಡೆ, ಸ್ಕೋರು ಎಲ್ಲ ಬೇಕು, ನಾಲಿಗೆ ಮಾತ್ರ ಬೇಡ. ಈ ಪತ್ರಿಕೆಯಲ್ಲಿ ಹಾಗೆ ನಡೆಯಲು ನಾನು ಬಿಡುವುದಿಲ್ಲ.

2015ರಲ್ಲಿ ಚೆಂಡು ಮುಟ್ಟಿದಾಗಲೆಲ್ಲ ಊರೂರಲ್ಲಿ ಬೂ. ಮನಸ್ಸು ಕುಸಿದು ಗೂಡ್ಸ್ ಒಂದು ಪಂದ್ಯದಿಂದ ದೂರ ಉಳಿದರು. ಸೆಪ್ಟೆಂಬರ್‌ನಲ್ಲಿ ಕೊನೆಯ ಪಂದ್ಯ ಸೋತ ಮೇಲೆ ಡ್ರೆಸ್ಸಿಂಗ್ ರೂಮಿನಲ್ಲಿ ಜೊತೆಗಾರರಿಗೆ ವಿದಾಯ ಹೇಳಿ ಹೊರಟುಬಿಟ್ಟರು. ಫೈನಲ್ ದಿನ ನಿವೃತ್ತರಾಗುವವರನ್ನು ಮೆರವಣಿಗೆ ಮಾಡುತ್ತಾರಲ್ಲ, ಅದಕ್ಕೂ ಬರಲಿಲ್ಲ. ಲೀಗ್ ಮತ್ತು 18 ಕ್ಲಬ್‌ಗಳು ಕ್ಷಮೆ ಕೇಳಿದ್ದು 2019ರಲ್ಲಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. 2021ರಲ್ಲಿ ಶ್ರೇಷ್ಠ ಆಟಗಾರರ ಪಟ್ಟಿಯಾದ ಹಾಲ್ ಆಫ್ ಫೇಮ್‌ನ ಗೌರವ ಕೊಡಲು ಮುಂದಾದಾಗ ಗೂಡ್ಸ್ ಬೇಡವೆಂದರು.