ಹಿಕ್ಕೆಯಲ್ಲಿ ಹುಲಿಯ ಗುರುತು: ಓದುಗರ ಪ್ರಶ್ನೆಗಳಿಗೆ ಉತ್ತರ

ಜೀವಿಗಳ ಡಿಎನ್‌ಎ ಓದಿ ಅವು ಎಷ್ಟಿವೆ, ಎಲ್ಲಿಂದ ಎಲ್ಲಿಗೆ ಹೋಗುತ್ತವೆ, ಯಾವುದು ಯಾವುದರ ನೆಂಟ, ಏನು ತಿನ್ನುತ್ತವೆ ಎಂದು ತಿಳಿಯುವ ವಿಜ್ಞಾನ ಮಾಲಿಕ್ಯುಲರ್ ಇಕಾಲಜಿ. ಇದರ ಓದು, ಲ್ಯಾಬ್ ಕೆಲಸ, ಪಾಠ ಹೇಳುವ ಬಗೆ ಕುರಿತು ಬಂದ ಐದು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ದ್ವಿತೀಯ ಪಿಯುಸಿಯಲ್ಲಿ ಪಿಸಿಎಂಬಿ ಓದುತ್ತಿದ್ದೇನೆ. ಕಾಡುಪ್ರಾಣಿಗಳ ಡಿಎನ್‌ಎ ಅಧ್ಯಯನ ಮಾಡುವ ಆಸೆ. ಜೀವಶಾಸ್ತ್ರಕ್ಕೇ ಹೋಗುವುದಾದರೆ ಗಣಿತದ ಕಡೆ ಗಮನ ಕಡಿಮೆ ಮಾಡಬಹುದೇ? ಮನೆಯವರು ಕೆಲಸ ಸಿಗಲು ಎಷ್ಟು ವರ್ಷ ಎಂದು ಕೇಳುತ್ತಾರೆ. (ವಿದ್ಯಾರ್ಥಿನಿ, ಶಿರಸಿ)

ಗಣಿತವನ್ನು ಮಾತ್ರ ಕೈಬಿಡಬೇಡಿ. ಈ ಕ್ಷೇತ್ರದಲ್ಲಿ ಪೈಪೆಟ್ ಹಿಡಿಯುವುದನ್ನು ಒಂದು ತಿಂಗಳಲ್ಲಿ ಕಲಿಯಬಹುದು. ಸಂಖ್ಯಾಶಾಸ್ತ್ರ ಬರದಿದ್ದರೆ ವರ್ಷಗಟ್ಟಲೆ ಕೂಡಿಟ್ಟ ಮಾಹಿತಿಯನ್ನು ಬೇರೆಯವರ ಕೈಗೆ ಕೊಟ್ಟು ಕಾಯಬೇಕಾಗುತ್ತದೆ. ವಿಜ್ಞಾನ ಶಿಕ್ಷಣ ಮತ್ತು ಸಂಶೋಧನೆಯ ಕೇಂದ್ರೀಯ ಸಂಸ್ಥೆಗಳಾದ ಐಸರ್‌ಗಳ ಪ್ರವೇಶ ಪರೀಕ್ಷೆಯಲ್ಲೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರಗಳಿಂದ ತಲಾ 15 ಪ್ರಶ್ನೆಗಳಿರುತ್ತವೆ. ಊರ ಹತ್ತಿರದ ಕಾಲೇಜಿನಲ್ಲಿ ಬಿಎಸ್ಸಿ ಮಾಡಿದರೂ ದಾರಿಯೇನೂ ಮುಚ್ಚುವುದಿಲ್ಲ. ಪ್ರಾಣಿಶಾಸ್ತ್ರ ಅಥವಾ ಸಸ್ಯಶಾಸ್ತ್ರದ ಜೊತೆಗೆ ಅಂಕಿಅಂಶ ವಿಶ್ಲೇಷಿಸುವ ‘ಆರ್’ ಎಂಬ ಉಚಿತ ತಂತ್ರಾಂಶವನ್ನು ಮೊದಲ ವರ್ಷದಿಂದಲೇ ರೂಢಿಸಿಕೊಳ್ಳಿ.

ಬಿಎಸ್ಸಿ ಆದಮೇಲೆ ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಸಂಸ್ಥೆಯ ವನ್ಯಜೀವಿ ವಿಜ್ಞಾನ ಮತ್ತು ಸಂರಕ್ಷಣೆಯ ಎಂಎಸ್ಸಿ ಇದೆ. ಅದಕ್ಕೆ ಎರಡು ವರ್ಷಕ್ಕೊಮ್ಮೆ ಮಾತ್ರ ಪ್ರವೇಶ, ಹಾಗಾಗಿ ಯಾವ ವರ್ಷ ಅರ್ಜಿ ಕರೆಯುತ್ತಾರೆ ಎಂದು ಮೊದಲೇ ನೋಡಿಟ್ಟುಕೊಳ್ಳಿ. ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲೂ ಎಂಎಸ್ಸಿ ಇದೆ. ಪಿಎಚ್‌ಡಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ, ಎನ್‌ಸಿಬಿಎಸ್, ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಹೈದರಾಬಾದಿನ ಸಿಸಿಎಂಬಿ (ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ) ಸಂಸ್ಥೆಯ, ಅಳಿವಿನಂಚಿನ ಜೀವಿಗಳಿಗೆ ಮೀಸಲಾದ ಲ್ಯಾಕೋನ್ಸ್ ಪ್ರಯೋಗಾಲಯ ಹೆಸರಾದ ತಾಣಗಳು. ಉನ್ನತ ವ್ಯಾಸಂಗದ ಪ್ರವೇಶಕ್ಕೆ ಬಳಸುವ ಗೇಟ್ ಪರೀಕ್ಷೆಯಲ್ಲಿ ಪರಿಸರ ಮತ್ತು ವಿಕಾಸ ಎಂಬ ಪ್ರತ್ಯೇಕ ಪತ್ರಿಕೆಯೇ ಇದೆ.

ಮನೆಯವರಿಗೆ ನೇರ ಲೆಕ್ಕ ಕೊಡಿ: ಪದವಿ 3, ಎಂಎಸ್ಸಿ 2, ಪಿಎಚ್‌ಡಿ 5ರಿಂದ 6 ವರ್ಷ, ಆಮೇಲೆ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ) 2ರಿಂದ 4 ವರ್ಷ. ಪಿಎಚ್‌ಡಿ ಅವಧಿಯಲ್ಲಿ ಕೈಖಾಲಿ ಇರುವುದಿಲ್ಲ. 2023ರ ಜನವರಿಯಿಂದ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಮುಂದೆ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) 42,000 ರೂಪಾಯಿ, ಮೇಲೆ ಮನೆಬಾಡಿಗೆ ಭತ್ಯೆ. ಆದರೆ ಕಾಯಂ ಸಂಶೋಧಕ ಹುದ್ದೆಗಳು ಬೆರಳೆಣಿಕೆಯಷ್ಟು. ಇದನ್ನು ಮುಚ್ಚಿಟ್ಟು ಮನೆಯವರ ಒಪ್ಪಿಗೆ ಪಡೆಯಬೇಡಿ.

ಪ್ರಶ್ನೆ: ಎಂಎಸ್ಸಿ ಪ್ರಾಜೆಕ್ಟಿಗಾಗಿ ಚಿರತೆ ಹಿಕ್ಕೆಯಿಂದ ಡಿಎನ್‌ಎ ತೆಗೆದಿದ್ದೇನೆ. ಪಿಸಿಆರ್ ಯಂತ್ರದಲ್ಲಿ ಅದರ ನಕಲು ಹೆಚ್ಚಿಸಿ ಜೆಲ್‌ನಲ್ಲಿ ಓಡಿಸಿದರೆ, 20 ಮಾದರಿಗಳಲ್ಲಿ 14ಕ್ಕೆ ಬ್ಯಾಂಡೇ (ಡಿಎನ್‌ಎ ಇದೆಯೆಂದು ತೋರಿಸುವ ಗೆರೆ) ಇಲ್ಲ. ಡಿಎನ್‌ಎ ಹಾಕದ ಟ್ಯೂಬಿನಲ್ಲೂ ಬ್ಯಾಂಡ್ ಕಾಣುತ್ತಿದೆ! ಎಲ್ಲಿ ತಪ್ಪಿದೆ? (ವಿದ್ಯಾರ್ಥಿ, ಧಾರವಾಡ)

ಇವು ಎರಡು ಬೇರೆ ಬೇರೆ ತೊಂದರೆಗಳು. ಎರಡನೆಯದನ್ನು ಮೊದಲು ಸರಿಪಡಿಸಿ. ಖಾಲಿ ಟ್ಯೂಬಿನಲ್ಲಿ ಬ್ಯಾಂಡ್ ಬರುತ್ತಿರುವಷ್ಟು ಕಾಲ ಉಳಿದ ಆರು ಮಾದರಿಗಳ ಬ್ಯಾಂಡನ್ನೂ ನಂಬುವಂತಿಲ್ಲ.

ಆ ಬ್ಯಾಂಡ್ ಎಷ್ಟು ಉದ್ದದ್ದು, ನೋಡಿ. 100 ಬೇಸ್‌ಗಿಂತ (ಬೇಸ್ ಎಂದರೆ ಡಿಎನ್‌ಎಯ ಒಂದು ಅಕ್ಷರ) ಕೆಳಗೆ ಮಸುಕಾಗಿದ್ದರೆ ಅದು ಪ್ರೈಮರ್‌ಗಳೇ, ಅಂದರೆ ನಕಲು ಶುರುಮಾಡುವ ಪುಟ್ಟ ಡಿಎನ್‌ಎ ತುಣುಕುಗಳೇ, ಒಂದಕ್ಕೊಂದು ಅಂಟಿಕೊಂಡದ್ದು, ಗಾಬರಿ ಬೇಡ. ನಿಮ್ಮ ನಿರೀಕ್ಷಿತ ಉದ್ದದಲ್ಲೇ ಇದ್ದರೆ ಹಿಂದಿನ ಪಿಸಿಆರ್‌ನ ಡಿಎನ್‌ಎ ಎಲ್ಲೋ ನುಸುಳಿದೆ. ನೀರು, ಬಫರ್, ಪ್ರೈಮರ್ ಎಲ್ಲವನ್ನೂ ಎಸೆದು ಹೊಸದಾಗಿ ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚಿಟ್ಟುಕೊಳ್ಳಿ. ಮೇಜನ್ನು ಶೇ 10ರ ಬ್ಲೀಚ್ ದ್ರಾವಣದಿಂದ ಒರೆಸಿ, ಹತ್ತು ನಿಮಿಷದ ನಂತರ ನೀರಿನಿಂದ ಒರೆಸಿ. ಬರೀ ಎಥನಾಲ್‌ನಿಂದ ಒರೆಸುವುದು ಬಹಳ ಲ್ಯಾಬುಗಳ ರೂಢಿ. ಎಥನಾಲ್ ಸೂಕ್ಷ್ಮಜೀವಿಯನ್ನು ಕೊಲ್ಲುತ್ತದೆ, ಡಿಎನ್‌ಎಯನ್ನು ಅಲ್ಲೇ ಉಳಿಸುತ್ತದೆ. ಫಿಲ್ಟರ್ ಇರುವ ಟಿಪ್ ಬಳಸಿ. ಪಿಸಿಆರ್ ಆದ ಟ್ಯೂಬುಗಳನ್ನು ಡಿಎನ್‌ಎ ತೆಗೆಯುವ ಕೋಣೆಯಲ್ಲಿ ಎಂದೂ ತೆರೆಯಬೇಡಿ, ಪಿಸಿಆರ್ ಜಾಗದ ಪೈಪೆಟ್ಟನ್ನು ಆ ಕೋಣೆಗೆ ತರಬೇಡಿ. ಖಾಲಿ ಟ್ಯೂಬು ಎರಡಿರಲಿ: ಒಂದು ಡಿಎನ್‌ಎ ತೆಗೆಯುವ ಹಂತದಿಂದಲೇ ಜೊತೆಗೆ ಬರಬೇಕು, ಇನ್ನೊಂದು ಪಿಸಿಆರ್‌ನಲ್ಲಿ ಸೇರಬೇಕು. ಯಾವುದರಲ್ಲಿ ಬ್ಯಾಂಡ್ ಬಂತು ಎಂಬುದರಿಂದ ಕೊಳೆ ಯಾವ ಹಂತದಲ್ಲಿ ಸೇರಿತೆಂದು ತಿಳಿಯುತ್ತದೆ.

ಇನ್ನು ಬ್ಯಾಂಡ್ ಬಾರದ 14 ಮಾದರಿಗಳು. ಹಿಕ್ಕೆಯಲ್ಲಿ ಪಿತ್ತದ ಲವಣ, ಮಣ್ಣಿನ ಹ್ಯೂಮಿಕ್ ಆಮ್ಲದಂಥ ವಸ್ತುಗಳು ಇರುತ್ತವೆ. ಅವು ಡಿಎನ್‌ಎ ನಕಲು ಮಾಡುವ ಕಿಣ್ವದ ಕೈ ಕಟ್ಟಿಹಾಕುತ್ತವೆ. ಇದೇ ಕಾರಣವೇ ಎಂದು ತಿಳಿಯಲು, ಚೆನ್ನಾಗಿ ಬ್ಯಾಂಡ್ ಕೊಡುವ ಒಂದು ಡಿಎನ್‌ಎಗೆ ಈ ಮಾದರಿಯನ್ನು 1 ಮೈಕ್ರೋಲೀಟರ್ ಬೆರೆಸಿ ಪಿಸಿಆರ್ ಮಾಡಿ. ಇದ್ದ ಬ್ಯಾಂಡೂ ಮಾಯವಾದರೆ ತಡೆಯೊಡ್ಡುವ ವಸ್ತು ಇದೆ ಎಂದರ್ಥ. ಆಗ ಮಾದರಿಯನ್ನು ಹತ್ತು ಪಟ್ಟು ತೆಳುಮಾಡಿ, ಪಿಸಿಆರ್ ಮಿಶ್ರಣದ ಪ್ರತಿ ಮೈಕ್ರೋಲೀಟರಿಗೆ 0.1ರಿಂದ 0.4 ಮೈಕ್ರೋಗ್ರಾಂ ಬಿಎಸ್‌ಎ (ಆ ವಸ್ತುಗಳನ್ನು ಹಿಡಿದಿಡುವ ಪ್ರೋಟೀನ್) ಸೇರಿಸಿ ನೋಡಿ. ಬ್ಯಾಂಡ್ ಮಾಯವಾಗದಿದ್ದರೆ ಮಾದರಿಯಲ್ಲಿ ಡಿಎನ್‌ಎಯೇ ಸಾಲದು, ಅಥವಾ ಅದು ತುಂಡುತುಂಡಾಗಿದೆ. ಹಿಕ್ಕೆಯ ಡಿಎನ್‌ಎಯಿಂದ 650 ಬೇಸ್ ಉದ್ದದ ತುಣುಕು ಹೊರತೆಗೆಯುವುದು ಕಷ್ಟ. 100ರಿಂದ 250 ಬೇಸ್ ಉದ್ದದ ತುಣುಕು ಕೊಡುವ ಪ್ರೈಮರ್ ಜೋಡಿ ಹುಡುಕಿ, ಪಿಸಿಆರ್ ಸುತ್ತುಗಳನ್ನು 35ರ ಬದಲು 40ರಿಂದ 45ಕ್ಕೆ ಏರಿಸಿ.

ಮುಂದಿನ ಸಲ ಸಂಗ್ರಹದಲ್ಲೇ ಎಚ್ಚರವಿರಲಿ. ಮಳೆ ಬಿದ್ದ, ಬಿಸಿಲಿಗೆ ಬಿಳಿಚಿದ ಹಿಕ್ಕೆ ಬಿಡಿ. ಚಿರತೆಯ ಕರುಳಿನ ಜೀವಕೋಶಗಳು ಇರುವುದು ಹೊರಮೈಯಲ್ಲಿ. ಒಳಗೆ ಹೆಚ್ಚಾಗಿ ಸಿಗುವುದು ಬೇಟೆಯ ಕೂದಲು, ಮೂಳೆ. ಆದ್ದರಿಂದ ಹೊರಪದರವನ್ನಷ್ಟೇ ಕೆರೆದು, ಅದರ ನಾಲ್ಕು ಪಟ್ಟು ಶೇ 95ಕ್ಕೂ ಮಿಕ್ಕ ಎಥನಾಲ್‌ನಲ್ಲಿಡಿ. ಎಥನಾಲ್ ಕಡಿಮೆಯಾದರೆ ಹಿಕ್ಕೆಯ ತೇವವೇ ಅದನ್ನು ತೆಳುಮಾಡಿ ಮಾದರಿ ಕೊಳೆಯುತ್ತದೆ.

ಒಂದೊಂದು ಚಿರತೆಯನ್ನೂ ಬೇರೆಬೇರೆಯಾಗಿ ಗುರುತಿಸುವ ಉದ್ದೇಶವಿದ್ದರೆ ಇನ್ನೂ ಒಂದು ಮಾತು. ಡಿಎನ್‌ಎ ಕಡಿಮೆಯಿದ್ದಾಗ ಎರಡು ಆಲೀಲ್‌ಗಳಲ್ಲಿ (ತಾಯಿ, ತಂದೆಯಿಂದ ಒಂದೊಂದಾಗಿ ಬಂದ ಜೀನ್ ರೂಪಗಳು) ಒಂದು ಕಾಣದೇ ಹೋಗುತ್ತದೆ, ಒಂದೇ ಚಿರತೆ ಎರಡು ಚಿರತೆಯಾಗಿ ಲೆಕ್ಕಕ್ಕೆ ಬರುತ್ತದೆ. ಪ್ರತಿ ಮಾದರಿಯನ್ನೂ ಕನಿಷ್ಠ ಮೂರು ಸಲ ಪ್ರತ್ಯೇಕವಾಗಿ ಪಿಸಿಆರ್ ಮಾಡಿ. ಒಂದೇ ಆಲೀಲ್ ಇದೆ ಎಂದು ಬರೆಯುವ ಮೊದಲು ಮೂರೂ ಸಲ ಅದೇ ಫಲಿತಾಂಶ ಬಂದಿರಬೇಕು. ಸಂರಕ್ಷಣೆಯ ತೀರ್ಮಾನಗಳು ಇಂಥ ಎಣಿಕೆಯ ಮೇಲೆ ನಿಲ್ಲುತ್ತವೆ. ಕಿಟ್ ಖರ್ಚಾದರೂ ಇಲ್ಲಿ ಜಿಪುಣತನ ಬೇಡ.

ಪ್ರಶ್ನೆ: ಅಭಯಾರಣ್ಯದೊಳಗೆ ನೆಲದಲ್ಲಿ ಬಿದ್ದ ಹಿಕ್ಕೆ ಎತ್ತಲೂ ಅನುಮತಿ ಬೇಕೇ? (ಓದುಗ, ಕೊಪ್ಪ)

ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಸಂಶೋಧನೆಗಾಗಿ ಅಭಯಾರಣ್ಯ ಪ್ರವೇಶಿಸುವುದಕ್ಕೇ ಅನುಮತಿ ಪಡೆಯಬೇಕು. ಕಾಲೇಜಿನ ಮೂಲಕ ಅರಣ್ಯ ಇಲಾಖೆಗೆ ಅರ್ಜಿ ಹಾಕಿ. ಸಂಗ್ರಹಿಸುವ ಮಾದರಿಗಳ ಸಂಖ್ಯೆ, ಜಾಗ, ಅವಧಿ, ಎಲ್ಲಿ ಇಡುತ್ತೀರಿ ಎಂಬುದನ್ನೆಲ್ಲ ಬರೆಯಿರಿ. ಉತ್ತರಕ್ಕೆ ತಿಂಗಳುಗಳೇ ಹಿಡಿಯಬಹುದು, ಹಾಗಾಗಿ ಪ್ರಾಜೆಕ್ಟ್ ಶುರುವಾದ ಮೇಲೆ ಓಡಾಡಬೇಡಿ. ಮಾದರಿಯನ್ನು ಹೊರದೇಶಕ್ಕೆ ಕಳಿಸುವ ಯೋಚನೆ ಇದ್ದರೆ 2002ರ ಜೀವವೈವಿಧ್ಯ ಕಾಯ್ದೆಯ ನಿಯಮಗಳೂ ಅನ್ವಯಿಸುತ್ತವೆ.

ಪ್ರಶ್ನೆ: ನನಗೆ 37 ವರ್ಷ. ಪ್ರಾಣಿಶಾಸ್ತ್ರ ಎಂಎಸ್ಸಿ, ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಜೆಆರ್‌ಎಫ್ ವಯಸ್ಸು ಮೀರಿತು. ಇನ್ನು ಸಂಶೋಧನೆ ಸಾಧ್ಯವೇ? (ಉಪನ್ಯಾಸಕಿ, ಹಾವೇರಿ)

ಖಂಡಿತ ಸಾಧ್ಯ, ಮೇಡಂ. ವಯಸ್ಸಿನ ಮಿತಿ ಇರುವುದು ಜೆಆರ್‌ಎಫ್ ಹಣಕ್ಕೆ. ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ರಾಷ್ಟ್ರಮಟ್ಟದ ನೆಟ್ ಪರೀಕ್ಷೆ ಬರೆಯಲು ಗರಿಷ್ಠ ವಯಸ್ಸಿಲ್ಲ, ರಾಜ್ಯಮಟ್ಟದ ಕೆ–ಸೆಟ್‌ಗೂ ಇಲ್ಲ. ಮೊದಲು ಕೆ–ಸೆಟ್ ಮುಗಿಸಿಕೊಳ್ಳಿ. ಮೊದಲ ಪತ್ರಿಕೆ 50 ಪ್ರಶ್ನೆ, 100 ಅಂಕ; ಜೀವವಿಜ್ಞಾನದ ಎರಡನೆಯದು 100 ಪ್ರಶ್ನೆ, 200 ಅಂಕ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಆದ್ದರಿಂದ ಒಂದನ್ನೂ ಬಿಡಬೇಡಿ. ಪ್ರಾಣಿಶಾಸ್ತ್ರ ಓದಿದವರು ಎಡವುವುದು ಸಸ್ಯ ಶರೀರಕ್ರಿಯೆ ಮತ್ತು ಜೀವರಸಾಯನದಲ್ಲಿ. ದಿನಕ್ಕೊಂದು ಗಂಟೆ ಅವಕ್ಕೇ ಮೀಸಲಿಡಿ.

ಯುಜಿಸಿಯ 2022ರ ನಿಯಮಗಳಂತೆ ಕೆಲಸದಲ್ಲಿದ್ದುಕೊಂಡೇ ಅರೆಕಾಲಿಕ ಪಿಎಚ್‌ಡಿ ಮಾಡಬಹುದು, ಉದ್ಯೋಗದಾತರಿಂದ ನಿರಾಕ್ಷೇಪಣಾ ಪತ್ರ ಬೇಕು. ವಿಷಯ ಆರಿಸುವಾಗ ಹುಲಿ, ಆನೆ ಬಿಡಿ. ನಿಮ್ಮ ಸುತ್ತಲಿನ ಕೆರೆಗಳ ಮೀನು, ಬಸವನಹುಳು ಹಿಡಿಯಿರಿ: ಓಡಾಟ ಕಡಿಮೆ, ವಿದ್ಯಾರ್ಥಿಗಳನ್ನು ಜೊತೆಗೆ ಕರೆದೊಯ್ಯಬಹುದು. ಕಾಲೇಜಿನಲ್ಲಿ ಡಿಎನ್‌ಎ ಅಕ್ಷರ ಓದುವ ಸೀಕ್ವೆನ್ಸಿಂಗ್ ಯಂತ್ರ ಇರಬೇಕೆಂದಿಲ್ಲ, ಪಿಸಿಆರ್ ಮಾಡಿ ಖಾಸಗಿ ಲ್ಯಾಬಿಗೆ ಕಳಿಸಿದರೆ ಅವರೇ ಓದಿಕೊಡುತ್ತಾರೆ.

ಪ್ರಶ್ನೆ: ನಮ್ಮ ಪಿಯು ಕಾಲೇಜಿನಲ್ಲಿ ಒಂದು ಫ್ರಿಜ್ ಬಿಟ್ಟರೆ ಉಪಕರಣಗಳಿಲ್ಲ. ಜೆನೆಟಿಕ್ ಡ್ರಿಫ್ಟ್ (ಆಲೀಲ್‌ಗಳ ಪ್ರಮಾಣ ಪೀಳಿಗೆಯಿಂದ ಪೀಳಿಗೆಗೆ ಆಕಸ್ಮಿಕವಾಗಿ ಬದಲಾಗುವುದು) ಪಾಠ ಮಕ್ಕಳ ತಲೆಗೆ ಹತ್ತುವುದಿಲ್ಲ. ಏನಾದರೂ ಪ್ರಯೋಗ ಇದೆಯೇ? (ಉಪನ್ಯಾಸಕರು, ಕೊಳ್ಳೇಗಾಲ)

ಒಂದೇ ಗಾತ್ರದ, ಎರಡು ಬಣ್ಣದ ಕಾಳು ಸಾಕು. ಗಾತ್ರ ಬೇರೆಯಾದರೆ ಬೆರಳಿಗೆ ತಿಳಿದುಬಿಡುತ್ತದೆ. ಡಬ್ಬಿಯಲ್ಲಿ 10 ಕೆಂಪು, 10 ಬಿಳಿ ಹಾಕಿ. ಇದು ಹತ್ತು ಪ್ರಾಣಿಗಳ 20 ಆಲೀಲ್. ನೋಡದೆ ಒಂದು ಕಾಳು ತೆಗೆದು, ಬಣ್ಣ ಬರೆದುಕೊಂಡು, ಮತ್ತೆ ಡಬ್ಬಿಗೇ ಹಾಕಿ ಕುಲುಕಬೇಕು. ಹೀಗೆ 20 ಸಲ. ಕೆಂಪು 13 ಸಲ ಬಂದಿದ್ದರೆ ಮುಂದಿನ ಪೀಳಿಗೆಗೆ ಡಬ್ಬಿಯಲ್ಲಿ 13 ಕೆಂಪು, 7 ಬಿಳಿ. ಹತ್ತು ಪೀಳಿಗೆ ನಡೆಸಿ. ಮಕ್ಕಳು ಮಾಡುವ ತಪ್ಪು ಎಂದರೆ ತೆಗೆದ ಕಾಳನ್ನು ವಾಪಸ್ ಹಾಕದಿರುವುದು. ಆಗ 20ನ್ನೂ ತೆಗೆದಾಗ ಮೊದಲಿನ ಲೆಕ್ಕವೇ ಬರುತ್ತದೆ, ಏನೂ ಬದಲಾಗುವುದಿಲ್ಲ.

ಇಂಥ ಚಿಕ್ಕ ಡಬ್ಬಿಯನ್ನು ತರಗತಿಯ ಆರು ಗುಂಪುಗಳಿಗೆ ಕೊಡಿ, ಬೇರೆ ಎರಡು ಗುಂಪುಗಳಿಗೆ 50 ಕೆಂಪು, 50 ಬಿಳಿ ಕೊಡಿ. ಅಲ್ಲಿ ಐದು ಮಕ್ಕಳು ತಲಾ 20 ಸಲ ತೆಗೆದರೆ ಬೇಗ ಮುಗಿಯುತ್ತದೆ. ಪ್ರತಿ ಪೀಳಿಗೆಗೆ ವೈವಿಧ್ಯದ ಅಳತೆಯಾದ 2ಪಿಕ್ಯು (ಕೆಂಪಿನ ಪಾಲು, ಬಿಳಿಯ ಪಾಲುಗಳ ಗುಣಲಬ್ಧದ ಎರಡರಷ್ಟು) ಲೆಕ್ಕ ಹಾಕಿಸಿ. ಶುರುವಿನಲ್ಲಿ ಅದು 0.50. ಒಂದೊಂದು ಪೀಳಿಗೆಯಲ್ಲೂ ಪ್ರಾಣಿಗಳ ಸಂಖ್ಯೆಯ ಎರಡರಷ್ಟರಲ್ಲಿ ಒಂದು ಪಾಲು ವೈವಿಧ್ಯ ನಷ್ಟವಾಗುತ್ತದೆ, ಅಂದರೆ ಹತ್ತು ಪ್ರಾಣಿಗೆ ಶೇ 5, ಐವತ್ತಕ್ಕೆ ಶೇ 1. ಹತ್ತು ಪೀಳಿಗೆ ಮುಗಿದಾಗ ಚಿಕ್ಕ ಡಬ್ಬಿಗಳ ಸರಾಸರಿ 0.30ರ ಸುಮಾರಿಗೆ, ದೊಡ್ಡವುಗಳದ್ದು 0.45ರ ಸುಮಾರಿಗೆ ಬರಬೇಕು. ಒಂದೊಂದೇ ಗುಂಪಿನ ಉತ್ತರ ಹೇಗೆ ಬೇಕಾದರೂ ಇರಬಹುದು, ಹಾಗಾಗಿ ಎಲ್ಲ ಗುಂಪುಗಳ ಅಂಕಿಗಳನ್ನು ಕರಿಹಲಗೆಯಲ್ಲಿ ಒಟ್ಟಿಗೆ ಬರೆಸಿ.

ಆಮೇಲೆ ಒಡಿಶಾದ ಸಿಮಿಲಿಪಾಲ್ ಹುಲಿಗಳ ಚಿತ್ರ ತೋರಿಸಿ. ಪಟ್ಟೆಗಳು ಅಗಲವಾಗಿ ಕೂಡಿಕೊಂಡು ಮೈ ಕಪ್ಪಾಗಿ ಕಾಣುವ ಹುಲಿಗಳು ಅಲ್ಲಿವೆ. ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್ ತಂಡ 2021ರಲ್ಲಿ ಇದಕ್ಕೆ ಟ್ಯಾಕ್‌ಪೆಪ್ ಎಂಬ ಜೀನ್‌ನ ಒಂದೇ ಅಕ್ಷರದ ಬದಲಾವಣೆ ಕಾರಣವೆಂದು ತೋರಿಸಿತು. ಬೇರೆ ಕಾಡುಗಳಿಂದ ಹುಲಿ ಬಂದು ಸೇರದ ಪುಟ್ಟ ಗುಂಪಿನಲ್ಲಿ ಆ ಅಪರೂಪದ ಆಲೀಲ್ ಹೆಚ್ಚಿಕೊಂಡಿತು. ಡಬ್ಬಿಯಲ್ಲಿ 10 ಇದ್ದ ಕೆಂಪು ಕಾಳು 17 ಆದ ಗುಂಪು ನಿಮ್ಮ ತರಗತಿಯಲ್ಲಿ ಇದ್ದರೆ, ಈ ಚಿತ್ರವನ್ನು ಮೊದಲು ಅವರ ಕೈಗೇ ಕೊಡಿ.